ತೋಟ, ಬೇಲಿ ಮತ್ತು ಕವಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಗೊಬ್ಬರ ಎಷ್ಟು ಹಾಕಬೇಕು, ಗುಲಾಬಿಗೆ ಹುಳ ಬಿದ್ದರೆ ಏನು ಮಾಡಬೇಕು ಎಂದು ಹುಡುಕಿಕೊಂಡು ಬಂದವರಿಗೆ ಇಲ್ಲಿ ಏನೂ ಸಿಗುವುದಿಲ್ಲ. ಬೇರೆ ಬೇರೆ ನಾಡಿನ ಜನ ತೋಟವನ್ನು ಯಾಕೆ ಮಾಡಿಕೊಂಡರು, ಅವರ ಕವಿಗಳು, ಕಥೆಗಾರರು ಅದರಲ್ಲಿ ಏನು ಕಂಡರು ಅನ್ನುವುದಷ್ಟೇ ಇಲ್ಲಿನ ವಿಷಯ.

ತೋಟ ಅಂದರೆ ಗಿಡ ಮರ ತಾನೇ? ಅದರಲ್ಲಿ ಅರ್ಥ ಹುಡುಕುವಂಥದ್ದು ಏನಿದೆ?

ಗಿಡ ಮರ ಕಾಡಿನಲ್ಲೂ ಇವೆ. ತೋಟಕ್ಕೆ ಬೇಲಿ ಇರುತ್ತದೆ. ಒಳಗೆ ಯಾರು ಬರಬಹುದು, ಯಾವ ಗಿಡ ಇರಬಹುದು, ಯಾವುದು ಕಳೆ ಎಂದು ಯಾರೋ ಒಬ್ಬರು ತೀರ್ಮಾನ ಮಾಡಿರುತ್ತಾರೆ. ಅವರ ಆಸೆ, ಹೆದರಿಕೆ, ದುಡ್ಡು, ದೇವರು ಎಲ್ಲವೂ ಆ ತೀರ್ಮಾನದಲ್ಲಿ ಸೇರಿಕೊಂಡಿರುತ್ತವೆ. ಅದಕ್ಕೇ ನಾನು ಯಾವ ತೋಟದ ಬಗ್ಗೆ ಓದಿದರೂ ಮೊದಲು ಬೇಲಿ ಎಲ್ಲಿದೆ ಎಂದು ನೋಡುತ್ತೇನೆ. ಬೇಲಿಯ ಆಚೆ ಏನಿದೆ ಎಂದು ಗೊತ್ತಾದರೆ ಒಳಗಿರುವುದು ತಾನಾಗಿ ಅರ್ಥವಾಗುತ್ತದೆ. ಈ ಮಾತು ಕೆಳಗೆ ಮತ್ತೆ ಮತ್ತೆ ಬರುತ್ತದೆ, ಸ್ವಲ್ಪ ಸಹಿಸಿಕೊಳ್ಳಿ.

ತೋಟದ ವಿಷಯ ಬಂದಾಗಲೆಲ್ಲ ಪರ್ಷಿಯಾದ ಹೆಸರು ಯಾಕೆ ಬರುತ್ತದೆ?

ಯಾಕೆಂದರೆ ಅಲ್ಲಿ ಬೇಲಿಯ ಆಚೆ ಮರುಭೂಮಿ ಇತ್ತು. ಇರಾನಿನ ಪಸರ್ಗಡೆಯಲ್ಲಿ ಸೈರಸ್ ದೊರೆ ಕ್ರಿ.ಪೂ. 6ನೇ ಶತಮಾನದಲ್ಲಿ ಮಾಡಿಸಿದ ತೋಟದ ಕಲ್ಲು ಕಾಲುವೆಗಳು ಇವತ್ತಿಗೂ ನೆಲದಲ್ಲಿ ಕಾಣುತ್ತವೆ. ಗಿಡ ಒಂದೂ ಉಳಿದಿಲ್ಲ, ನೀರು ಹರಿದ ಗೆರೆ ಮಾತ್ರ ಉಳಿದಿದೆ. ಬೆಟ್ಟದ ಬುಡದಿಂದ ನೆಲದಡಿಯಲ್ಲಿ ಸುರಂಗ ತೋಡಿ, ಇಳಿಜಾರಿನ ಬಲದಿಂದಲೇ ಮೈಲಿಗಟ್ಟಲೆ ದೂರಕ್ಕೆ ನೀರು ತರುವ 'ಖನಾತ್' ಎಂಬ ವ್ಯವಸ್ಥೆ ಅಲ್ಲಿತ್ತು. ಬಿಸಿಲಿಗೆ ನೀರು ಆರಿಹೋಗಬಾರದು ಅನ್ನುವುದು ಉಪಾಯ. ಆ ನೀರು ಎತ್ತರದ ಮಣ್ಣಿನ ಗೋಡೆಯ ಒಳಗೆ ಬಂದು ತೋಟವನ್ನು ನಾಲ್ಕು ಭಾಗ ಮಾಡಿ ಹರಿಯುತ್ತದೆ. ಗೋಡೆ ಇಲ್ಲದಿದ್ದರೆ ಬಿಸಿಗಾಳಿ, ಮರಳು, ಮೇಕೆ ಎಲ್ಲವೂ ಒಳಗೆ ಬರುತ್ತವೆ. ಅಂದರೆ ಗೋಡೆ ಅಲ್ಲಿ ಶೋಕಿಗೆ ಬಂದದ್ದಲ್ಲ.

ಇಸ್ಫಹಾನಿನಲ್ಲಿ 'ಚೆಹೆಲ್ ಸೊತೂನ್' ಎಂಬ ಅರಮನೆ ಇದೆ. ಹೆಸರಿನ ಅರ್ಥ ನಲವತ್ತು ಕಂಬ. ಎಣಿಸಿದರೆ ಸಿಗುವುದು 20 ಕಂಬ ಮಾತ್ರ. ಮಿಕ್ಕ 20 ಮುಂದಿನ ಉದ್ದನೆಯ ಕೊಳದ ನೀರಿನಲ್ಲಿವೆ. ನೀರಿಗೆ ಅಷ್ಟು ಬೆಲೆ ಕೊಟ್ಟ ಜನ, ನೆರಳನ್ನೂ ಕಂಬದ ಲೆಕ್ಕಕ್ಕೆ ಹಿಡಿದರು! 2011ರಲ್ಲಿ ಇದನ್ನೂ ಪಸರ್ಗಡೆಯನ್ನೂ ಸೇರಿಸಿ ಒಂಬತ್ತು ಪರ್ಷಿಯನ್ ತೋಟಗಳನ್ನು ಯುನೆಸ್ಕೋ ತನ್ನ ಪಟ್ಟಿಗೆ ತೆಗೆದುಕೊಂಡಿತು.

ಬ್ಯಾಬಿಲೋನಿನ ತೂಗು ತೋಟ ನಿಜವಾಗಿ ಇತ್ತಾ?

ಪುರಾವೆ ಸಿಕ್ಕಿಲ್ಲ. ಜರ್ಮನಿಯ ರಾಬರ್ಟ್ ಕೋಲ್ಡೆವೈ 1899ರಿಂದ ವರ್ಷಗಟ್ಟಲೆ ಬ್ಯಾಬಿಲೋನನ್ನು ಅಗೆದ. ಕೆಲವು ಕಮಾನು ಕೋಣೆಗಳನ್ನು ತೋರಿಸಿ ಇದೇ ಇರಬೇಕು ಎಂದ, ಆದರೆ ಅದನ್ನು ಎಲ್ಲರೂ ಒಪ್ಪಲಿಲ್ಲ. ಬ್ಯಾಬಿಲೋನಿನ ದೊರೆಗಳೇ ಬರೆಸಿದ ಶಾಸನಗಳಲ್ಲಿ ಅಂಥ ತೋಟದ ಮಾತಿಲ್ಲ. ಊರಿನ ಗೋಡೆಗಳನ್ನು ಬಾಯಿ ತುಂಬ ಹೊಗಳಿದ ಗ್ರೀಕ್ ಚರಿತ್ರಕಾರ ಹೆರೊಡೋಟಸ್ ಕೂಡ ತೋಟದ ಸುದ್ದಿ ಎತ್ತಿಲ್ಲ. ಅದು ಇದ್ದದ್ದು ನಿನೆವೆಯಲ್ಲಿ, ಮಾಡಿಸಿದ್ದು ಅಸ್ಸೀರಿಯಾದ ದೊರೆ ಸೆನ್ನಾಕೆರಿಬ್ ಎಂದು ಸ್ಟೆಫನಿ ಡ್ಯಾಲಿ ಎಂಬ ವಿದ್ವಾಂಸೆ ವಾದ ಮಾಡುತ್ತಾರೆ. ಅವನು ದೂರದಿಂದ ನೀರು ತರಿಸಿದ ಜೆರ್ವಾನ್ ಮೇಲ್ಗಾಲುವೆಯ ಕಲ್ಲುಗಳು ಈಗಲೂ ಇವೆ. ನನಗೆ ಈ ವಾದ ಹಿಡಿಸುತ್ತದೆ.

ಸ್ವರ್ಗವನ್ನು ತೋಟದ ರೂಪದಲ್ಲಿ ಹೇಳುವುದು ಏಕೆ?

ಮೇಲೆ ಪರ್ಷಿಯಾದ ಬಗ್ಗೆ ಹೇಳಿದ ಉತ್ತರದಲ್ಲಿ ಅರ್ಧ ಬಂದುಹೋಯಿತು. ನೀರಿಲ್ಲದ ನಾಡಿನವರ ಕನಸಿನಲ್ಲಿ ನೀರು ಇರಲೇಬೇಕು. ಕುರಾನಿನ ಸ್ವರ್ಗದಲ್ಲಿ ನೀರು, ಹಾಲು, ಮದ್ಯ, ಜೇನು ಹರಿಯುವ ಹೊಳೆಗಳಿವೆ. ಬೈಬಲಿನ ಏದೆನ್ ತೋಟದಿಂದಲೂ ಒಂದು ಹೊಳೆ ಹೊರಟು ನಾಲ್ಕಾಗಿ ಒಡೆಯುತ್ತದೆ. ಏದೆನ್ ಕಥೆಯಲ್ಲಿ ಬೇಲಿಯ ವಿಷಯವೂ ಇದೆ: ಆದಾಮ, ಹವ್ವ ಹೊರಬಿದ್ದ ಮೇಲೆ ದೇವರು ದಾರಿಗೆ ಉರಿಯುವ ಕತ್ತಿಯ ಕಾವಲು ಹಾಕುತ್ತಾನೆ. ಆಚೆ ಅವರಿಗೆ ಸಿಕ್ಕಿದ್ದು ಮುಳ್ಳು, ಕಳೆ, ಬೆವರು. ಒಂದರ್ಥದಲ್ಲಿ ಬೇಸಾಯ.

ಪರ್ಷಿಯನ್ ಕವಿಗಳಿಗೆ ಹೂದೋಟದ ಹುಚ್ಚು ಇಷ್ಟೊಂದು ಯಾಕೆ?

ಗುಲಾಬಿ, ಬುಲ್‌ಬುಲ್, ಸೈಪ್ರಸ್ ಮರ ಇಲ್ಲದೆ ಹಾಫಿಜ್‌ನ ಗಜಲುಗಳಿಲ್ಲ. ನನಗೆ ಜಾಸ್ತಿ ಇಷ್ಟವಾಗುವುದು ಸಾದಿ ಹೇಳುವ ಪ್ರಸಂಗ. 1258ರಲ್ಲಿ ಬರೆದ ಅವನ 'ಗುಲಿಸ್ತಾನ್'ನ ಮುನ್ನುಡಿಯಲ್ಲಿ ಅದು ಬರುತ್ತದೆ. ಸ್ನೇಹಿತನೊಬ್ಬನ ಜೊತೆ ತೋಟದಲ್ಲಿ ರಾತ್ರಿ ಕಳೆಯುತ್ತಾನೆ. ಬೆಳಗ್ಗೆ ಹೊರಡುವಾಗ ಸ್ನೇಹಿತ ಮಡಿಲು ತುಂಬ ಹೂ ಕಿತ್ತುಕೊಂಡಿರುತ್ತಾನೆ. ಸಾದಿ ಅವನಿಗೆ, ಈ ಹೂ ಐದಾರು ದಿನ ಬಾಳುತ್ತದೆ, ನಾನು ಒಂದು ಹೂದೋಟ ಬರೆಯುತ್ತೇನೆ, ಅದು ಬಾಡುವುದಿಲ್ಲ ಅನ್ನುತ್ತಾನೆ. ಸ್ನೇಹಿತ ಹೂವನ್ನೆಲ್ಲ ಅಲ್ಲೇ ಸುರಿದು ಸಾದಿಯ ಬಟ್ಟೆಯ ಅಂಚು ಹಿಡಿದುಕೊಳ್ಳುತ್ತಾನೆ, ಮಾತು ಕೊಟ್ಟೆ ತಾನೇ, ಬರಿ ಎಂದು. ಅದೇ 1258ರಲ್ಲೇ ಮಂಗೋಲರು ಬಾಗ್ದಾದನ್ನು ಸುಟ್ಟಿದ್ದು. ಆ ವರ್ಷ ಕೂತು ಹೂದೋಟದ ಹೆಸರಿನ ಪುಸ್ತಕ ಬರೆದ ಅನ್ನುವುದನ್ನು ನೆನಪಿಟ್ಟುಕೊಂಡು ಓದಿದರೆ ಅದರ ತಮಾಷೆಗಳ ರುಚಿಯೇ ಬೇರೆ.

ಮೊಘಲರು ಸಮಾಧಿಯ ಸುತ್ತ ತೋಟ ಮಾಡಿದ್ದು ಯಾಕೆ?

ಇದಕ್ಕೆ ಮೊದಲು ಬಾಬರನನ್ನು ನೋಡಬೇಕು. 1526ರಲ್ಲಿ ಆಗ್ರಾಕ್ಕೆ ಬಂದ ಅವನಿಗೆ ಇಲ್ಲಿನ ಸೆಕೆ, ಗಾಳಿ, ಧೂಳು ಯಾವುದೂ ಹಿಡಿಸಲಿಲ್ಲ. ಹರಿಯುವ ನೀರಿನ ತೋಟಗಳಿಲ್ಲ ಎಂದು ತನ್ನ ಆತ್ಮಕಥೆಯಲ್ಲಿ ಸಾಲು ಸಾಲಾಗಿ ಗೊಣಗಿದ್ದಾನೆ. ಯಮುನೆಯ ಆಚೆ ದಡದಲ್ಲಿ ಬಾವಿ ತೋಡಿಸಿ, ಸ್ನಾನದ ಮನೆ ಕಟ್ಟಿಸಿ, ಅಳತೆ ಹಿಡಿದು ತೋಟ ಮಾಡಿಸಿದ. ಊರ ಜನ ಇಂಥದ್ದನ್ನು ಕಂಡೇ ಇರಲಿಲ್ಲ, ಆ ದಡಕ್ಕೆ 'ಕಾಬೂಲ್' ಎಂದೇ ಹೆಸರಿಟ್ಟರಂತೆ. ಕೊನೆಗಾಲದಲ್ಲಿ ಕರಬೂಜ ಹಣ್ಣೊಂದನ್ನು ಹೆಚ್ಚಿ ತಿನ್ನುವಾಗ ಕಣ್ಣಲ್ಲಿ ನೀರು ಬಂತು ಎಂದೂ ಬರೆದುಕೊಂಡಿದ್ದಾನೆ. ಆಗ್ರಾದ ತೋಟ ಊರಿನ ನೆನಪಿಗೆ ಹಾಕಿದ ಬೇಲಿ. ಕಡೆಗೆ ಅವನ ಸಮಾಧಿ ಆದದ್ದೂ ಕಾಬೂಲಿನ ತೋಟದಲ್ಲೇ.

ಆಮೇಲೆ ಬಂದವರು ಸ್ವರ್ಗದ ತೋಟವನ್ನು ಸಮಾಧಿಗೆ ತಂದರು. ದೆಹಲಿಯ ಹುಮಾಯೂನ್ ಸಮಾಧಿ ನಾಲ್ಕು ಭಾಗದ ತೋಟದ ನಟ್ಟ ನಡುವೆ ಇದೆ. ತಾಜ್ ಮಹಲ್ ಮಾತ್ರ ತೋಟದ ಒಂದು ತುದಿಯಲ್ಲಿದೆ, ಅಳತೆ ತಪ್ಪಿತಾ ಎಂದು ಬಹಳ ಜನ ಕೇಳುತ್ತಾರೆ. ಹೊಳೆಯಾಚೆಗೆ ಅದಕ್ಕೆ ಸರಿಯಾಗಿ ಎದುರು 'ಮೆಹ್ತಾಬ್ ಬಾಗ್' ಎಂಬ ಬೆಳದಿಂಗಳ ತೋಟ ಇದೆ. ಅದನ್ನೂ ಸೇರಿಸಿಕೊಂಡು ನೋಡಿದರೆ ಸಮಾಧಿ ಮಧ್ಯಕ್ಕೇ ಬರುತ್ತದೆ. ಯಮುನೆಯನ್ನೇ ತೋಟದ ಕಾಲುವೆ ಮಾಡಿಕೊಂಡ ಲೆಕ್ಕ.

ಚೀನಾದ ತೋಟದಲ್ಲಿ ಹೂವಿಗಿಂತ ಕಲ್ಲು ಜಾಸ್ತಿ ಯಾಕೆ?

ಅದು ಪುಟ್ಟ ಬೆಟ್ಟ ಅಂದುಕೊಳ್ಳಿ. ಸರ್ಕಾರಿ ನೌಕರಿಯಲ್ಲಿ ಸೋತೋ, ಬೇಸತ್ತೋ ಊರಿಗೆ ಮರಳಿದ ಅಧಿಕಾರಿಗಳು ಮಾಡಿಕೊಂಡ ಜಾಗ ಇವು. ಇವರೆಲ್ಲರ ಹಿರಿಯ ಕವಿ ತಾವ್ ಯುವಾನ್‌ಮಿಂಗ್. ಮೇಲಧಿಕಾರಿಗೆ ಬಗ್ಗಲಾರೆ ಎಂದು 405ರಲ್ಲಿ ಕೆಲಸ ಬಿಟ್ಟು ಹಳ್ಳಿಗೆ ಹೋದ. ಪೂರ್ವದ ಬೇಲಿಯ ಬಳಿ ಸೇವಂತಿಗೆ ಕೀಳುತ್ತ ತಲೆ ಎತ್ತಿದರೆ ದೂರದಲ್ಲಿ ಬೆಟ್ಟ ಕಂಡಿತು ಎಂದು ಹಾಡಿದ. ಸಾವಿರದ ಆರುನೂರು ವರ್ಷವಾದರೂ ಚೀನೀಯರಿಗೆ ಸೇವಂತಿಗೆ ಅಂದರೆ ರಾಜೀನಾಮೆ ಕೊಟ್ಟವನ ಹೂ.

ಎಲ್ಲರಿಗೂ ಹಳ್ಳಿ, ಬೆಟ್ಟ ಸಿಗುವುದಿಲ್ಲವಲ್ಲ. ಹಾಗಾಗಿ ಸೂಜೋ ಊರಿನ ಗಿಜಿಗಿಜಿ ಬೀದಿಗಳ ನಡುವೆಯೇ ಗೋಡೆ ಎತ್ತಿ, ತಾಯ್ಹು ಸರೋವರದಿಂದ ತೂತು ತೂತಾದ ಕಲ್ಲು ತಂದು ನಿಲ್ಲಿಸಿದರು. ಕಲ್ಲು ತೆಳ್ಳಗಿರಬೇಕು, ಸುಕ್ಕಾಗಿರಬೇಕು, ತೂತಿನಲ್ಲಿ ಆಚೆ ಕಾಣಬೇಕು ಎಂದೆಲ್ಲ ಅದಕ್ಕೆ ಪರೀಕ್ಷೆ. 16ನೇ ಶತಮಾನದ ಆರಂಭದಲ್ಲಿ ವಾಂಗ್ ಶಿಯಾನ್‌ಚೆನ್ ಎಂಬ ನಿವೃತ್ತ ಅಧಿಕಾರಿ ಮಾಡಿದ 'ಜುವೊಜೆಂಗ್ ಯುವಾನ್' ಅಲ್ಲಿನ ತೋಟಗಳಲ್ಲಿ ದೊಡ್ಡದು. ತರಕಾರಿ ಬೆಳೆಯುವುದೇ ನನ್ನಂಥ ದಡ್ಡನ ರಾಜಕಾರಣ ಅನ್ನುವ ವ್ಯಂಗ್ಯ ಆ ಹೆಸರಿನಲ್ಲಿದೆ. ಅವನ ಮಗ ಅದನ್ನು ಜೂಜಿನಲ್ಲಿ ಕಳೆದ ಎಂದು ಹೇಳುತ್ತಾರೆ. ಆ ತೋಟದ ಕೊಳದ ತುದಿಯಲ್ಲಿ ನಿಂತರೆ ಮರಗಳ ಮೇಲೆ ಒಂದು ಗೋಪುರ ಕಾಣುತ್ತದೆ. ಅದು ತೋಟದ್ದಲ್ಲ, ಊರಿನಲ್ಲಿ ದೂರ ಇರುವ ದೇವಸ್ಥಾನದ್ದು. ಬೇಲಿಯ ಆಚೆಯ ನೋಟವನ್ನು ಹೀಗೆ 'ಸಾಲ' ತೆಗೆದುಕೊಳ್ಳುವುದು ಅವರ ಶಾಸ್ತ್ರದ ದೊಡ್ಡ ಸೂತ್ರ.

ಚೀನಾದ ಯಾವ ಕಥೆಯಲ್ಲಿ ತೋಟ ಮುಖ್ಯ?

18ನೇ ಶತಮಾನದಲ್ಲಿ ತ್ಸಾವ್ ಶ್ಯುಎಚಿನ್ ಬರೆದ 'ಕೆಂಪು ಮಹಲಿನ ಕನಸು'. ಜಗತ್ತಿನ ಯಾವ ಕಾದಂಬರಿಯೂ ತೋಟವನ್ನು ಇಷ್ಟು ಚೆನ್ನಾಗಿ ಬಳಸಿಕೊಂಡಿಲ್ಲ ಎಂದು ನನ್ನ ಲೆಕ್ಕ. ಜ್ಯಾ ಮನೆತನದ ಮಗಳು ಚಕ್ರವರ್ತಿಯ ಅಂತಃಪುರ ಸೇರಿರುತ್ತಾಳೆ. ಅವಳು ಒಂದು ಸಂಜೆ ತವರಿಗೆ ಬಂದುಹೋಗಲಿ ಎಂದು ಮನೆಯವರು ಮಿತಿಮೀರಿ ಖರ್ಚು ಮಾಡಿ ತೋಟ ಕಟ್ಟಿಸುತ್ತಾರೆ. ಆಮೇಲೆ ಅವಳ ಅಪ್ಪಣೆಯಂತೆ ಮನೆಯ ಹೆಣ್ಣುಮಕ್ಕಳೂ ಬಾವ್‌ಯು ಎಂಬ ಹುಡುಗನೂ ಅಲ್ಲಿ ಇರತೊಡಗುತ್ತಾರೆ. ಕವಿತೆ ಕಟ್ಟುವುದು, ಜಗಳ, ಮುನಿಸು, ಹುಟ್ಟುಹಬ್ಬ ಎಲ್ಲ ಆ ಗೋಡೆಯ ಒಳಗೇ.

ಒಂದು ದಿನ ಬಾವ್‌ಯು ಕೂತು ಓದುತ್ತಿರುವಾಗ ಗಾಳಿ ಬೀಸಿ ಪೀಚ್ ಹೂವಿನ ಎಸಳು ಅವನ ಮೈ, ಪುಸ್ತಕದ ಮೇಲೆಲ್ಲ ಉದುರುತ್ತದೆ. ತುಳಿದುಹೋಗಬಾರದೆಂದು ಬಟ್ಟೆಯಲ್ಲಿ ಎತ್ತಿ ಕೊಳಕ್ಕೆ ಸುರಿಯುತ್ತಾನೆ. ಅಷ್ಟರಲ್ಲಿ ಅವನ ಸೋದರ ಸಂಬಂಧಿ ದಾಯ್‌ಯು ಬರುತ್ತಾಳೆ. ಹೆಗಲ ಮೇಲೆ ಗುದ್ದಲಿ, ಅದಕ್ಕೆ ತೂಗುಹಾಕಿದ ರೇಷ್ಮೆ ಚೀಲ, ಕೈಯಲ್ಲಿ ಪೊರಕೆ. ನೀರಿಗೆ ಹಾಕಬೇಡ ಅನ್ನುತ್ತಾಳೆ. ಇಲ್ಲಿ ನೀರು ಚೊಕ್ಕವಾಗಿದೆ, ಆದರೆ ಅದು ಹರಿದು ಜನ ಇರುವ ಕಡೆ ಹೋದರೆ ಅವರ ಕೊಳಕೆಲ್ಲ ಸೇರಿ ಹೂ ಹಾಳಾಗುತ್ತದೆ. ಆ ಮೂಲೆಯಲ್ಲಿ ಹೂವಿಗೆ ಗೋರಿ ಮಾಡಿದ್ದೇನೆ, ಚೀಲಕ್ಕೆ ತುಂಬಿ ಹೂತರೆ ಮಣ್ಣಾಗುತ್ತದೆ, ಅದೇ ಒಳ್ಳೆಯದು ಎಂದು.

ಕಾದಂಬರಿಯ ಭಯ ಇಷ್ಟೇ. ಗೋಡೆ ಎಷ್ಟೇ ಎತ್ತರ ಇರಲಿ, ನೀರು ಹೊರಗೆ ಹರಿದೇ ಹರಿಯುತ್ತದೆ. ಹೊರಗಿನದು ಒಳಗೂ ಬರುತ್ತದೆ. ಮುಂದೆ ತೋಟದಲ್ಲಿ ಅಶ್ಲೀಲ ಚಿತ್ರದ ಕಸೂತಿ ಚೀಲವೊಂದು ಸಿಕ್ಕಿ, ರಾತ್ರೋರಾತ್ರಿ ಎಲ್ಲರ ಪೆಟ್ಟಿಗೆ ತೆಗೆಸಿ ಹುಡುಕಾಟ ನಡೆಯುತ್ತದೆ. ಹುಡುಕಲೇಬೇಕೆಂದು ಹಟ ಹಿಡಿದ ಮುದುಕಿಯ ಮೊಮ್ಮಗಳ ಪೆಟ್ಟಿಗೆಯಲ್ಲೇ ಪ್ರೇಮಪತ್ರ ಸಿಗುತ್ತದೆ. ತೋಟ ಖಾಲಿಯಾಗುವುದು ಅಲ್ಲಿಂದ ಶುರು.

ಜಪಾನಿನ ರಿಯೋವಾಂಜಿಯಲ್ಲಿ ಗಿಡವೇ ಇಲ್ಲ. ಅದೂ ತೋಟವಾ?

ಗಿಡವಿಲ್ಲ, ಕಲ್ಲಿನ ಬುಡದಲ್ಲಿ ಸ್ವಲ್ಪ ಪಾಚಿ ಇದೆ. ಕ್ಯೋಟೋದ ಈ ದೇವಸ್ಥಾನದ ಅಂಗಳದಲ್ಲಿ ಗೀರು ಎಳೆದ ಬಿಳಿ ಜಲ್ಲಿಯ ಮೇಲೆ 15 ಕಲ್ಲುಗಳಿವೆ. ಜಗಲಿಯಲ್ಲಿ ಎಲ್ಲಿ ಕೂತು ನೋಡಿದರೂ ಒಂದಾದರೂ ಮರೆಯಾಗುತ್ತದೆ. ಇದರ ಮೇಲೆ ಬೇಕಾದಷ್ಟು ತತ್ವ ಹೇಳುವವರಿದ್ದಾರೆ. ನಾನು ಅದರ ಗೋಡೆ ನೋಡಿ ಅನ್ನುತ್ತೇನೆ. ಎಣ್ಣೆ ಬೆರೆಸಿ ಕುದಿಸಿದ ಮಣ್ಣಿನಿಂದ ಕಟ್ಟಿದ್ದು. ಶತಮಾನಗಳಿಂದ ಆ ಎಣ್ಣೆ ಜಿನುಗಿ ಗೋಡೆಯ ಮೇಲೆ ಕಂದು ಕಲೆಗಳ ಚಿತ್ರ ಮೂಡಿದೆ.

ಜಪಾನಿನ ಇನ್ನೊಂದು ಕಥೆ ಹೇಳದಿದ್ದರೆ ಮನಸ್ಸು ತಡೆಯುವುದಿಲ್ಲ. ಚಹಾ ಗುರು ಸೆನ್ ನೊ ರಿಕ್ಯೂ ಅವರ ತೋಟದಲ್ಲಿ ಬೆಳಗಿನ ಹೊತ್ತು ಅರಳುವ ನೀಲಿ ಬಳ್ಳಿಹೂ ತುಂಬಿದೆ ಎಂದು ಕೇಳಿ, ನಾಡನ್ನಾಳುತ್ತಿದ್ದ ಹಿದೆಯೋಶಿ ನೋಡಲು ಬಂದ. ಬಂದರೆ ತೋಟದಲ್ಲಿ ಒಂದು ಹೂವೂ ಇಲ್ಲ, ಎಲ್ಲ ಕಿತ್ತುಹಾಕಿದೆ. ಸಿಟ್ಟಿನಿಂದ ಚಹಾ ಕೋಣೆಗೆ ನುಗ್ಗಿದರೆ ಅಲ್ಲಿ ಹೂದಾನಿಯಲ್ಲಿ ಒಂದೇ ಒಂದು ಹೂ. ಐತಿಹ್ಯ ಇರಬಹುದು. ಮುಂದೆ 1591ರಲ್ಲಿ ಅದೇ ಹಿದೆಯೋಶಿಯ ಅಪ್ಪಣೆಯಿಂದ ರಿಕ್ಯೂ ಪ್ರಾಣ ಬಿಡಬೇಕಾಯಿತು ಅನ್ನುವುದು ಇತಿಹಾಸ.

ಫ್ರಾನ್ಸಿನ ತೋಟ ಗೆರೆ ಎಳೆದ ಹಾಗೆ, ಇಂಗ್ಲೆಂಡಿನದು ಬಯಲಿನ ಹಾಗೆ. ಏಕೆ?

ವರ್ಸೈಲ್ಸ್‌ನಲ್ಲಿ 14ನೇ ಲೂಯಿಗೆ ಆಂದ್ರೆ ಲೆ ನೋತ್ರ್ ಮಾಡಿಕೊಟ್ಟದ್ದು ದೊರೆಯ ಹುಕುಂ ಎಲ್ಲಿಯವರೆಗೆ ನಡೆಯುತ್ತದೆ ಎಂದು ತೋರಿಸುವ ತೋಟ. ಮರಗಳೂ ಸಾಲಾಗಿ ನಿಲ್ಲಬೇಕು. ಆದರೆ ನೀರು ಮಾತ್ರ ದೊರೆಯ ಮಾತು ಕೇಳಲಿಲ್ಲ. ಸೀನ್ ಹೊಳೆಯಿಂದ ನೀರೆತ್ತಲು 1684ರ ಹೊತ್ತಿಗೆ 14 ಭಾರಿ ಚಕ್ರಗಳ ಯಂತ್ರ ಹೂಡಿದರೂ ಎಲ್ಲ ಕಾರಂಜಿಗಳಿಗೂ ಒಟ್ಟಿಗೆ ಸಾಕಾಗುತ್ತಿರಲಿಲ್ಲ. ಅದಕ್ಕೆ ಕೆಲಸದವರು ಸೀಟಿ ಹೊಡೆದು ಒಬ್ಬರಿಗೊಬ್ಬರು ತಿಳಿಸಿ, ದೊರೆ ಹತ್ತಿರ ಬರುವಾಗ ಕಾರಂಜಿ ಬಿಟ್ಟು, ದಾಟಿದ ಮೇಲೆ ನಿಲ್ಲಿಸುತ್ತಿದ್ದರು. ತೋಟವನ್ನು ಯಾವ ದಾರಿಯಲ್ಲಿ ನೋಡಬೇಕೆಂದು ಲೂಯಿ ತಾನೇ ಒಂದು ಕೈಪಿಡಿ ಬರೆದಿದ್ದ!

ಇಂಗ್ಲಿಷರು ಇದನ್ನು ದಬ್ಬಾಳಿಕೆ ಎಂದು ಆಡಿಕೊಂಡರು. 18ನೇ ಶತಮಾನದಲ್ಲಿ ವಿಲಿಯಂ ಕೆಂಟ್, 'ಕೇಪಬಿಲಿಟಿ' ಬ್ರೌನ್ ಮುಂತಾದವರು ಗೋಡೆ ಕೆಡವಿ ಹುಲ್ಲುಗಾವಲನ್ನೇ ತೋಟ ಮಾಡಿದರು. ಕೆಂಟ್ ಬೇಲಿ ಹಾರಿದ, ಇಡೀ ಪ್ರಕೃತಿಯೇ ತೋಟ ಎಂದು ಕಂಡ ಎಂದು ಹೊರೇಸ್ ವಾಲ್ಪೋಲ್ ಕೊಂಡಾಡಿದ. ನಿಜ ಹೇಳಬೇಕೆಂದರೆ ಬೇಲಿ ಎಲ್ಲೂ ಹೋಗಿರಲಿಲ್ಲ, ನೆಲದೊಳಗೆ ಇಳಿದಿತ್ತು. 'ಹಾಹಾ' ಎಂಬ ಕಂದಕ ಅದು. ಮನೆಯ ಕಿಟಕಿಯಿಂದ ನೋಡಿದರೆ ಹುಲ್ಲು ಅಡೆತಡೆಯಿಲ್ಲದೆ ದಿಗಂತದವರೆಗೆ ಹೋದ ಹಾಗೆ ಕಾಣುತ್ತದೆ. ಆಚೆ ಮೇಯುವ ದನಕ್ಕೆ ಮಾತ್ರ ಈಚೆ ಬರಲು ಆಗುವುದಿಲ್ಲ. ದನವಷ್ಟೇ ಅಲ್ಲ, ಜನವೂ ಆಚೆಗೇ ಹೋಗಬೇಕಾಯಿತು. ಡಾರ್ಸೆಟ್‌ನ ಲಾರ್ಡ್ ಮಿಲ್ಟನ್ ತನ್ನ ಮನೆಯ ನೋಟಕ್ಕೆ ಅಡ್ಡ ಎಂದು ಒಂದು ಪಟ್ಟಣವನ್ನೇ ಕೆಡವಿಸಿ, ಒಂದಿಷ್ಟು ಜನಕ್ಕೆ ಮರೆಯಲ್ಲಿ ಹೊಸ ಹಳ್ಳಿ ಕಟ್ಟಿಸಿದ. ಆ ಹಳ್ಳಿ ಮಿಲ್ಟನ್ ಅಬ್ಬಾಸ್ ಇವತ್ತು ಪ್ರವಾಸಿಗರು ಫೋಟೋ ತೆಗೆಯುವ ಜಾಗ. ಒಡೆಯನ ಸುಖಕ್ಕೆ ಹಳ್ಳಿಯೇ ಬರಿದಾದ ಕಥೆಯನ್ನು ಆಲಿವರ್ ಗೋಲ್ಡ್‌ಸ್ಮಿತ್ 1770ರಲ್ಲಿ ದೀರ್ಘ ಕವಿತೆ ಮಾಡಿದ. ನನಗೆ ಲೂಯಿಯ ನೇರ ದರ್ಪವೇ ಎಷ್ಟೋ ವಾಸಿ ಅನ್ನಿಸುತ್ತದೆ. ಅವನು ಬೇಲಿಯನ್ನು ಮುಚ್ಚಿಡಲಿಲ್ಲ.

ಈ ಹಾಹಾವನ್ನು ಜೇನ್ ಆಸ್ಟಿನ್ 'ಮ್ಯಾನ್ಸ್‌ಫೀಲ್ಡ್ ಪಾರ್ಕ್'ನಲ್ಲಿ (1814) ಎಷ್ಟು ನಯವಾಗಿ ಬಳಸುತ್ತಾಳೆ ನೋಡಿ. ಮರಿಯಾಗೆ ಶ್ರೀಮಂತ ರಶ್‌ವರ್ತ್ ಜೊತೆ ಮದುವೆ ಗೊತ್ತಾಗಿದೆ. ಅವನ ತೋಟ ನೋಡಲು ಎಲ್ಲರೂ ಹೋಗಿದ್ದಾರೆ. ಕಬ್ಬಿಣದ ಗೇಟಿಗೆ ಬೀಗ, ಪಕ್ಕದಲ್ಲಿ ಹಾಹಾ. ರಶ್‌ವರ್ತ್ ಕೀಲಿ ತರಲು ಮನೆಗೆ ಓಡುತ್ತಾನೆ. ಈ ಗೇಟು, ಈ ಹಾಹಾ ಕಂಡರೆ ಉಸಿರು ಕಟ್ಟುತ್ತದೆ ಅನ್ನುತ್ತಾಳೆ ಮರಿಯಾ. ನನ್ನ ಕೈ ಹಿಡಿದರೆ ಗೇಟಿನ ಅಂಚಿನಲ್ಲಿ ದಾಟಬಹುದು ಎಂದು ಹೆನ್ರಿ ಕ್ರಾಫರ್ಡ್ ಹೇಳುತ್ತಾನೆ. ಮುಳ್ಳು ಚುಚ್ಚುತ್ತದೆ, ಬಟ್ಟೆ ಹರಿಯುತ್ತದೆ, ಹಾಹಾದಲ್ಲಿ ಜಾರುತ್ತೀಯ ಎಂದು ಅವಳ ಸೋದರ ಸಂಬಂಧಿ ಫ್ಯಾನಿ ಎಚ್ಚರಿಸುವುದರಲ್ಲಿ ಮರಿಯಾ ದಾಟಿ ಆಯಿತು. ಮುಂದೆ ಮದುವೆಯಾದ ಮೇಲೆ ಅವಳು ಗಂಡನನ್ನು ಬಿಟ್ಟು ಓಡಿಹೋಗುವುದೂ ಇದೇ ಕ್ರಾಫರ್ಡ್ ಜೊತೆ.

ನಮ್ಮ ಕಾವ್ಯದಲ್ಲಿ ತೋಟ ಎಲ್ಲಿದೆ?

ಹೆಚ್ಚೂಕಡಿಮೆ ಎಲ್ಲ ಕಡೆ. ಮಹಾಕಾವ್ಯ ಅಂದರೆ ಹದಿನೆಂಟು ವರ್ಣನೆ ಇರಬೇಕು ಅನ್ನುವ ಪದ್ಧತಿಯಲ್ಲಿ ಉದ್ಯಾನ ವಿಹಾರವೂ ಒಂದು. ಹಾಗಾಗಿ ಕವಿಗಳು ಬೇಕೋ ಬೇಡವೋ ರಾಣಿಯರನ್ನು ವನಕ್ಕೆ ಕಳಿಸುತ್ತಾರೆ. ಎಷ್ಟೋ ಕಡೆ ಇದು ಸುಮ್ನೆ ಲೆಕ್ಕ ಭರ್ತಿ, ಹಾರಿಸಿ ಓದಿದರೂ ನಷ್ಟವಿಲ್ಲ.

ಹಾರಿಸಬಾರದ ಜಾಗಗಳೂ ಇವೆ. ರಾಮಾಯಣದ ಅಶೋಕವನ ಚೆಂದದ ಹೂದೋಟ, ಆದರೆ ಸೀತೆಯ ಪಾಲಿಗೆ ಜೈಲು. ಹನುಮಂತ ಅದನ್ನು ಕಿತ್ತು ಚೆಲ್ಲಾಪಿಲ್ಲಿ ಮಾಡುವಾಗ ನಮಗೆ ಖುಷಿಯಾಗುತ್ತದೆ, ಗಿಡದ ಬಗ್ಗೆ ಕನಿಕರ ಹುಟ್ಟುವುದಿಲ್ಲ. ಕಾಳಿದಾಸನ ಶಾಕುಂತಲದಲ್ಲಿ ಮರದ ಮರೆಯಲ್ಲಿ ನಿಂತ ದುಷ್ಯಂತ, ಕಾಡಿನ ಬಳ್ಳಿಗಳು ಅರಮನೆ ತೋಟದ ಬಳ್ಳಿಗಳನ್ನು ಸೋಲಿಸಿದವು ಅನ್ನುತ್ತಾನೆ. ಹೇಳುವುದು ಹಾಗೆ, ಕೊನೆಗೆ ಬಳ್ಳಿಯನ್ನು ಕಿತ್ತು ಅರಮನೆಗೆ ತರುವ ಯೋಚನೆಯೇ. ಶಕುಂತಲೆ ಹೊರಡುವಾಗ ಕಣ್ವರು ಆಶ್ರಮದ ಮರಗಳನ್ನು ಕರೆದು, ನಿಮಗೆ ನೀರು ಹಾಕದೆ ತಾನು ಕುಡಿಯದವಳು, ಸಿಂಗಾರದ ಆಸೆಯಿದ್ದರೂ ನಿಮ್ಮ ಚಿಗುರು ಚಿವುಟದವಳು ಎಂದು ಹೇಳುತ್ತಾರೆ. ನೀರು ಹಾಕುವವಳ ಕಣ್ಣಿಗೂ ನೋಡಲು ಬಂದವನ ಕಣ್ಣಿಗೂ ಇರುವ ದೂರ ಇಡೀ ನಾಟಕದಲ್ಲಿದೆ.

ಕನ್ನಡದಲ್ಲಂತೂ ಪಂಪನನ್ನು ಬಿಟ್ಟು ಮಾತಾಡುವ ಹಾಗಿಲ್ಲ. 10ನೇ ಶತಮಾನದ ವಿಕ್ರಮಾರ್ಜುನ ವಿಜಯದಲ್ಲಿ ಬನವಾಸಿಯ ಪದ್ಯಗಳು ಬರುತ್ತವೆ. ಚಾಗ, ಭೋಗ, ಅಕ್ಷರ, ಸಂಗೀತ, ಗೋಷ್ಠಿಗಳ ಸವಿ ಬಲ್ಲ ಮನುಷ್ಯರಾಗಿ ಅಲ್ಲಿ ಹುಟ್ಟಬೇಕು, ಅದಾಗದಿದ್ದರೆ 'ಮರಿದುಂಬಿಯಾಗಿ ಮೇಣ್ ಕೋಗಿಲೆಯಾಗಿ ಪುಟ್ಟುವುದು ನಂದನದೊಳ್ ಬನವಾಸಿ ದೇಶದೊಳ್'. ತೋಟದ ಒಡೆಯನಾಗುವ ಆಸೆ ಇಲ್ಲಿಲ್ಲ. ದುಂಬಿಗೆ, ಕೋಗಿಲೆಗೆ ಯಾವ ಬೇಲಿ? ಎರಡು ಶತಮಾನದ ನಂತರ ಅಕ್ಕಮಹಾದೇವಿ ವನವೂ ನೀನೇ, ಮರವೂ ನೀನೇ, ಅದರೊಳಗಾಡುವ ಹಕ್ಕಿ ಮೃಗವೂ ನೀನೇ ಎಂದು ಚೆನ್ನಮಲ್ಲಿಕಾರ್ಜುನನನ್ನು ಕೇಳುವಾಗ ಒಳಗು ಹೊರಗು ಅನ್ನುವುದೇ ಇಲ್ಲ. ಡಿ.ವಿ.ಜಿ.ಯವರು ತಮ್ಮ ಬದುಕು ವನಸುಮದ ಹಾಗೆ ಅರಳಲಿ ಎಂದು ಬೇಡಿದ್ದೂ ಯಾರ ತೋಟಕ್ಕೂ ಸೇರದ ಹೂವನ್ನು ನೆನೆದು.

ಲಾಲ್‌ಬಾಗ್ ಯಾವ ಜಾತಿಯ ತೋಟ?

ಕಲಬೆರಕೆ, ಅದೇ ಅದರ ಸೊಗಸು. 1760ರಲ್ಲಿ ಹೈದರ್ ಅಲಿ ಶುರು ಮಾಡಿದಾಗ ಅವನ ಕಣ್ಣ ಮುಂದೆ ಇದ್ದದ್ದು ಶಿರಾದ ಮೊಘಲ್ ಶೈಲಿಯ ತೋಟ. ಟಿಪ್ಪು ಹೊರದೇಶಗಳಿಂದ ಗಿಡ, ಬೀಜ ತರಿಸಿದ. ಟಿಪ್ಪು ಸತ್ತ ಮೇಲೆ ಬ್ರಿಟಿಷರ ಕೈಗೆ ಹೋಗಿ, 1856ರಲ್ಲಿ ಸರ್ಕಾರಿ ಸಸ್ಯತೋಟ ಆಯಿತು. ಆ ಕಾಲದ ಸಸ್ಯತೋಟ ಅಂದರೆ ವ್ಯಾಪಾರದ ಪ್ರಯೋಗಶಾಲೆ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಬ್ರೆಜಿಲ್‌ನಿಂದ ಸುಮಾರು 70,000 ರಬ್ಬರ್ ಬೀಜ ಸಾಗಿಸಿ ಲಂಡನ್ನಿನ ಕ್ಯೂ ತೋಟಕ್ಕೆ ಮುಟ್ಟಿಸಿದ. ಅಲ್ಲಿ ಮೊಳೆತ ಸಸಿಗಳು ಸಿಲೋನ್, ಸಿಂಗಪುರಕ್ಕೆ ಹೋದವು, ಬ್ರೆಜಿಲ್‌ನ ರಬ್ಬರ್ ವ್ಯಾಪಾರ ಮುಂದೆ ಮಕಾಡೆ ಮಲಗಿತು. ಲಾಲ್‌ಬಾಗ್ ಆ ಬಲೆಯ ಒಂದು ಗಂಟು. ನಾವು ತಿನ್ನುವ ಸೀಮೆಬದನೆ ಬೆಂಗಳೂರಿಗೆ ಬಂದದ್ದೂ ಅಲ್ಲಿಂದಲೇ ಎನ್ನುತ್ತಾರೆ.

1908ರಲ್ಲಿ ಉಸ್ತುವಾರಿ ವಹಿಸಿಕೊಂಡ ಜರ್ಮನಿಯ ಕ್ರುಂಬಿಗೆಲ್ ತೋಟವನ್ನು ಬೇಲಿಯಿಂದ ಹೊರಗೆ ತಂದರು. ವರ್ಷದ ಯಾವ ತಿಂಗಳಲ್ಲಾದರೂ ಊರಿನ ಯಾವುದೋ ಬೀದಿಯ ಮರ ಹೂ ಬಿಟ್ಟಿರಬೇಕು ಎಂದು ಜಾತಿ ನೋಡಿ ಮರ ನೆಡಿಸಿದರು. ಟ್ರಾಫಿಕ್‌ನಲ್ಲಿ ನಿಂತಾಗ ತಲೆಯ ಮೇಲೆ ಉದುರುವ ಹೂವಿಗೆ ಅವರ ಲೆಕ್ಕಾಚಾರವೂ ಒಂದು ಕಾರಣ. 1889ರ ಗಾಜಿನ ಮನೆಯ ಮುಂದೆ ಫೋಟೋ ತೆಗೆಸಿಕೊಂಡವರು ಪಕ್ಕದ ಬಂಡೆಯನ್ನೂ ಹತ್ತಿ. ಅದಕ್ಕೆ ಸುಮಾರು 300 ಕೋಟಿ ವರ್ಷ ವಯಸ್ಸು.

ಹಿತ್ತಿಲಿಗೆ ಈ ಚರಿತ್ರೆಯಲ್ಲಿ ಜಾಗ ಉಂಟಾ?

ಪುಸ್ತಕಗಳಲ್ಲಿ ಕಡಿಮೆ, ಅದು ಅನ್ಯಾಯ. ಮನೆಯ ಮುಂದೆ ತುಳಸಿಕಟ್ಟೆ, ನೆಂಟರಿಗೆ ಕಾಣುವ ಕಡೆ ಹೂ. ಹಿಂದೆ, ಬಚ್ಚಲ ನೀರು ಹರಿಯುವ ಕಡೆ ಬಾಳೆ, ಅದರ ಬುಡದ ತೇವದಲ್ಲಿ ಕೆಸು. ಬಾವಿಕಟ್ಟೆ ಹತ್ತಿರ ಬಸಳೆ ಚಪ್ಪರ, ಬೂದಿ ಚೆಲ್ಲುವ ಮೂಲೆಯಲ್ಲಿ ಒಂದೆಲಗವೋ ದೊಡ್ಡಪತ್ರೆಯೋ. ಒಂದು ಚೊಂಬು ನೀರೂ ಸುಮ್ಮನೆ ಹೋಗುವುದಿಲ್ಲ. ಇದರ ನಕ್ಷೆ ಬರೆದವರಿಲ್ಲ, ಮಾಡಿದ ಹೆಂಗಸರ ಹೆಸರು ಯಾವ ಶಾಸನದಲ್ಲೂ ಇಲ್ಲ. 'ಹಿತ್ತಿಲ ಗಿಡ ಮದ್ದಲ್ಲ' ಅನ್ನುವ ಗಾದೆ ಬೇರೆ.

ದೇವರಕಾಡು, ನಾಗಬನಗಳೂ ತೋಟವೇ?

ತೋಟದ ಉಲ್ಟಾ. ಅಲ್ಲಿ ಯಾರೂ ನೆಡುವುದಿಲ್ಲ, ಯಾರೂ ಕಡಿಯುವಂತಿಲ್ಲ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಬೇಲಿ ಕೆಲಸವನ್ನು ದೇವರ ಭಯ ಮಾಡುತ್ತದೆ. ಆ ಭಯ ತೆಳ್ಳಗಾದ ಕಡೆಗಳಲ್ಲಿ ಕಾಫಿ ತೋಟ ಒತ್ತರಿಸಿಕೊಂಡು ಬಂದಿದೆ.

ಕಥೆಗಳಲ್ಲಿ ತೋಟ ಕೊನೆಗೆ ಹಾಳಾಗುವುದೇ ಜಾಸ್ತಿ ಯಾಕೆ?

ಎಲ್ಲ ಕಡೆ ಹಾಗಲ್ಲ. ಆಸ್ಕರ್ ವೈಲ್ಡ್‌ನ ಸ್ವಾರ್ಥಿ ರಾಕ್ಷಸನ ತೋಟಕ್ಕೆ ಗೋಡೆಯ ತೂತಿನಿಂದ ಮಕ್ಕಳು ನುಸುಳಿ ಬಂದ ಮೇಲೇ ವಸಂತ ಬರುತ್ತದೆ, ಆಮೇಲೆ ಅವನೇ ಗೋಡೆ ಒಡೆಯುತ್ತಾನೆ. ಮಕ್ಕಳ ಕಥೆ, ಹಾಗಾಗಿ ಒಳ್ಳೆಯದಾಗುತ್ತದೆ. ದೊಡ್ಡವರ ಕಥೆಯಲ್ಲಿ ತೋಟ ಯಾರದ್ದೋ ಸೊತ್ತು, ಸೊತ್ತು ಕೈ ಬದಲಾಗುತ್ತದೆ. ಚೆಕಾಫ್‌ನ 'ಚೆರ್ರಿ ತೋಟ'ದಲ್ಲಿ (1904) ಸಾಲದಲ್ಲಿ ಮುಳುಗಿದ ಜಮೀನ್ದಾರರ ತೋಟ ಹರಾಜಾಗುತ್ತದೆ. ಕೊಳ್ಳುವವನು ಲೊಪಾಖಿನ್. ಅವನ ಅಪ್ಪ, ಅಜ್ಜ ಅದೇ ಮನೆಯಲ್ಲಿ ಜೀತಕ್ಕಿದ್ದವರು, ಅಡುಗೆಮನೆಗೂ ಬಿಡುತ್ತಿರಲಿಲ್ಲ. ಒಡತಿಗೆ ಆ ಮರಗಳು ಬಾಲ್ಯದ ನೆನಪು. ಇನ್ನೊಬ್ಬ ಪಾತ್ರಕ್ಕೆ ಒಂದೊಂದು ಎಲೆಯಿಂದಲೂ ಜೀತದಾಳುಗಳು ನೋಡುತ್ತಿರುವ ಹಾಗೆ ಕಾಣುತ್ತದೆ. ನಾಟಕ ಮುಗಿಯುವಾಗ ಕೊಡಲಿಯ ಸದ್ದು. ಯಾರ ಪರ ಅಳಬೇಕು ಎಂದು ಚೆಕಾಫ್ ಹೇಳುವುದಿಲ್ಲ, ಅದು ಅವನ ದೊಡ್ಡಸ್ತಿಕೆ.

ಅಪಾರ್ಟ್‌ಮೆಂಟ್ ಬಾಲ್ಕನಿಯ ನಾಲ್ಕು ಕುಂಡ ತೋಟ ಅನ್ನಿಸಿಕೊಳ್ಳುತ್ತಾ?

ಧಾರಾಳವಾಗಿ. 19ನೇ ಶತಮಾನದ ಎಡೋದಲ್ಲಿ, ಅಂದರೆ ಈಗಿನ ಟೋಕಿಯೋದಲ್ಲಿ, ನೆಲವಿಲ್ಲದ ಗಲ್ಲಿಯ ಜನ ಕುಂಡದಲ್ಲೇ ಬಳ್ಳಿಹೂ ಬೆಳೆಸಿ, ವಿಚಿತ್ರ ತಳಿಗಳಿಗೆ ಪೈಪೋಟಿ ನಡೆಸಿದರು. ರಿಕ್ಯೂ ಕಿತ್ತುಹಾಕಿದನಲ್ಲ, ಅದೇ ಹೂ. ಅಲ್ಲಿನ ಇರಿಯಾದಲ್ಲಿ ಈಗಲೂ ಪ್ರತಿ ಜುಲೈನಲ್ಲಿ ಆ ಕುಂಡಗಳ ಸಂತೆ ನಡೆಯುತ್ತದೆ.

ಬೇರೆಯವರ ಕಾಂಪೌಂಡಿನಿಂದ ಪೂಜೆಗೆ ಹೂ ಕೀಳುವುದು ತಪ್ಪಾ?

ಈ ಪ್ರಶ್ನೆ ಬಂದೇ ಬರುತ್ತದೆ. ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ಬೆಳಗ್ಗೆ ಆರಕ್ಕೆ ನೋಡಿ. ಕೈಯಲ್ಲಿ ಕವರ್, ಇನ್ನೊಂದರಲ್ಲಿ ಕೊಕ್ಕೆ ಕಟ್ಟಿದ ಕೋಲು, ವಾಕಿಂಗ್ ಶೂ ಹಾಕಿದ ಹಿರಿಯರೊಬ್ಬರು ದಾಸವಾಳದ ಕೊಂಬೆ ಬಗ್ಗಿಸುತ್ತಿರುತ್ತಾರೆ. ಕೇಳಿದರೆ 'ದೇವರಿಗೆ ತಾನೇ' ಎನ್ನುತ್ತಾರೆ. ಬೇಲಿಯಿಂದ ಆಚೆ ಚಾಚಿದ ಕೊಂಬೆ ಬೀದಿಯದು ಅನ್ನುವುದು ಅವರ ವಾದ, ಬುಡ ಯಾರದೋ ಹೂವೂ ಅವರದೇ ಅನ್ನುವುದು ಮನೆಯವರ ವಾದ. ನನ್ನ ತೀರ್ಪು ಇಷ್ಟು: ಆಚೆ ಬಂದದ್ದರಲ್ಲಿ ಎರಡು ಕಿತ್ತುಕೊಳ್ಳಿ, ಮೊಗ್ಗು ಮುಟ್ಟಬೇಡಿ, ಕೋಲು ಮನೆಯಲ್ಲೇ ಬಿಟ್ಟು ಬನ್ನಿ. ಮನೆಯವರು ಬಾಗಿಲು ತೆಗೆದರೆ ಓಡಬೇಡಿ, ನಮಸ್ಕಾರ ಎನ್ನಿ.